ಮತವು ದಾನವಲ್ಲ: 1977ರ ತೀರ್ಪು ಮತ್ತು ಮನವೊಲಿಸುವವರ ಹೊಣೆ

ಮಹಾಚುನಾವಣೆಯೊಂದು ಮುಗಿದು ಫಲಿತಾಂಶ ಪ್ರಕಟವಾದ ಮರುದಿನವೇ ದೇಶದಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಸೋತವರ ಪಾಳೆಯದಲ್ಲಿ ‘ಜನ ಮೂಢರು, ಮೋಸಹೋದರು’ ಎಂಬ ಮಾತು. ಗೆದ್ದವರ ಪಾಳೆಯದಲ್ಲಿ ‘ಜನತಾ ಜನಾರ್ದನನ ತೀರ್ಪಿದು, ಪ್ರಶ್ನಿಸಲಾಗದು’ ಎಂಬ ಮಾತು. ಒಂದು ನಿಂದೆ, ಇನ್ನೊಂದು ಸ್ತುತಿ. ಪರಸ್ಪರ ವಿರುದ್ಧವಾಗಿ ಕಾಣುವ ಇವೆರಡೂ ಹುಟ್ಟುವುದು ಒಂದೇ ಆಲಸ್ಯದಿಂದ. ಮೂಢನೊಡನೆ ವಾದಿಸಿ ಫಲವಿಲ್ಲ. ದೇವರೊಡನೆ ವಾದಿಸುವ ಅಧಿಕಾರವಿಲ್ಲ. ಯಾವ ಮಾತನ್ನು ನೆಚ್ಚಿಕೊಂಡರೂ ಮತದಾರನ ಎದುರಿಗೆ ಕುಳಿತು ಅವನ ಕಾರಣಗಳನ್ನು ಕೇಳುವ, ತನ್ನ ಕಾರಣಗಳನ್ನು ಹೇಳುವ ಶ್ರಮ ತಪ್ಪಿಹೋಗುತ್ತದೆ. ಮತದಾರನನ್ನು ಮನುಷ್ಯನೆಂದು ಬಗೆಯುವವರಾದರೋ ಅವನು ತಪ್ಪುಮಾಡಬಲ್ಲನೆಂಬುದನ್ನೂ ತಿದ್ದಿಕೊಳ್ಳಬಲ್ಲನೆಂಬುದನ್ನೂ ಒಟ್ಟಿಗೆ ಒಪ್ಪಬೇಕಾಗುತ್ತದೆ. ಸ್ವತಂತ್ರ ಭಾರತದಲ್ಲಿ ಈ ಪರೀಕ್ಷೆ ಕಠಿಣವಾಗಿ ಎದುರಾದದ್ದು 1977ರ ಲೋಕಸಭಾ ಚುನಾವಣೆಯಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ.

1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿ ಇನ್ನೂ ಔಪಚಾರಿಕವಾಗಿ ಜಾರಿಯಲ್ಲಿದ್ದಾಗಲೇ 1977ರ ಮಾರ್ಚಿಯಲ್ಲಿ ಮತದಾನ ನಡೆಯಿತು. ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚು ಮಂದಿ ಮತ ಚಲಾಯಿಸಿದರು. ಉತ್ತರಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ರಾಜನಾರಾಯಣರ ಎದುರು 55,202 ಮತಗಳ ಅಂತರದಿಂದ ಸೋತರು. ವಿಂಧ್ಯದ ಈಚೆಗೆ ಚಿತ್ರವೇ ಬೇರೆ. ಆಂಧ್ರಪ್ರದೇಶದ 42ರಲ್ಲಿ 41, ಕರ್ನಾಟಕದ 28ರಲ್ಲಿ 26 ಸ್ಥಾನಗಳು ಕಾಂಗ್ರೆಸ್ಸಿನ ಪಾಲಾದವು. ಕೇರಳದ 20 ಸ್ಥಾನಗಳೂ ಕಾಂಗ್ರೆಸ್ಸಿದ್ದ ಕೂಟಕ್ಕೇ ಸಂದವು. ಒಂದೇ ಪ್ರಶ್ನೆಗೆ ಒಂದೇ ದೇಶ ಎರಡು ಉತ್ತರಗಳನ್ನು ಕೊಟ್ಟಿತು.

ಈ ಒಡಕಿಗೆ ಬೇಗನೆ ಒಂದು ಸುಲಭ ವ್ಯಾಖ್ಯಾನ ಹುಟ್ಟಿಕೊಂಡಿತು: ಉತ್ತರದ ಅನಕ್ಷರಸ್ಥ ರೈತ ಸ್ವಾತಂತ್ರ್ಯವನ್ನು ಉಳಿಸಿದ, ದಕ್ಷಿಣದ ಅಕ್ಷರಸ್ಥ ಮತದಾರ ನಿದ್ರಿಸುತ್ತಿದ್ದ. ಇಂದಿಗೂ ತುರ್ತುಪರಿಸ್ಥಿತಿಯನ್ನು ಕುರಿತ ಉಪನ್ಯಾಸಗಳಲ್ಲಿ ಇದು ಇಣುಕುವುದುಂಟು. ಆದರೆ ಇದು ಇತಿಹಾಸದ ಅಧ್ಯಯನದಿಂದ ಬಂದ ನಿರ್ಣಯವಲ್ಲ. ಮತದಾರರನ್ನು ಪುಣ್ಯವಂತರು, ಪಾಪಿಗಳು ಎಂದು ಎರಡು ಪಂಕ್ತಿಯಲ್ಲಿ ಕೂರಿಸುವ ಅಭ್ಯಾಸದ ಫಲ.

ಕನ್ನಡನಾಡಿನ ಮತದಾರ ಹಾಗೇಕೆ ನಡೆದುಕೊಂಡನೆಂಬುದಕ್ಕೆ ಕಾರಣಗಳು ಬಯಲಿನಲ್ಲೇ ಇವೆ. 1972ರಲ್ಲಿ ಅಧಿಕಾರಕ್ಕೆ ಬಂದ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿಪದ್ಧತಿ ರದ್ದಾಗಿತ್ತು; ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕುಳಿತಿದ್ದವು. ತಲೆಮಾರುಗಳಿಂದ ಧಣಿಯ ಅಂಗಳಕ್ಕೆ ಗೇಣಿ ಅಕ್ಕಿ ಹೊತ್ತು ಹಾಕಿದ ಒಕ್ಕಲು ಸರ್ಕಾರದ ನಮೂನೆಯೊಂದರಲ್ಲಿ ತನ್ನ ಹೆಸರು ಬರೆಸಿ, ತಾನು ಉಳುವ ನೆಲದ ಮೇಲೆ ಹಕ್ಕು ಕೇಳುವ ಕಾಲ ಬಂದಿತ್ತು. 1975ರಲ್ಲಿ ಹಾವನೂರು ಆಯೋಗ ಹಿಂದುಳಿದ ವರ್ಗಗಳ ವರದಿಯನ್ನು ಒಪ್ಪಿಸಿತ್ತು. ಇತ್ತ ಜನತಾ ಪಕ್ಷದ ವೇದಿಕೆಯ ಮೇಲೆ ಗೇಣಿದಾರನ ಕಣ್ಣಿಗೆ ಬಿದ್ದವರಲ್ಲಿ ಹಲವರು 1971ರವರೆಗೆ ರಾಜ್ಯವನ್ನಾಳಿದ್ದ ಸಂಸ್ಥಾ ಕಾಂಗ್ರೆಸ್ಸಿನವರು. ಅರ್ಜಿ ಇನ್ನೂ ಮಂಡಳಿಯ ಮುಂದಿರುವಾಗ ಇವರು ಬಂದರೆ ನೆಲದ ಗತಿಯೇನು ಎಂದು ಅವನು ಅಳುಕಿದ್ದರೆ ಅದನ್ನು ನಿದ್ರೆಯೆನ್ನಲಾಗದು. ಅದು ಎಚ್ಚರವೇ, ತನ್ನ ಹೊಲದ ಬದುವಿನಷ್ಟಕ್ಕೆ ಸೀಮಿತವಾದ ಎಚ್ಚರ.

ಉತ್ತರದ ಮತದಾರನ ಎಚ್ಚರವೂ ಇದಕ್ಕಿಂತ ಬೇರೆ ಜಾತಿಯದಾಗಿರಲಿಲ್ಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಲಾತ್ಕಾರದ ಭಾರ ಬಿದ್ದದ್ದು ಹೆಚ್ಚಾಗಿ ಹಿಂದಿ ಸೀಮೆಯ ಬಡವರ ಮೇಲೆ. ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳು ನೆಲಸಮವಾದವು. ಅಲ್ಲಿಯ ಮತದಾರ ಸಂವಿಧಾನದ 42ನೆಯ ತಿದ್ದುಪಡಿಯ ವಿಧಿಗಳನ್ನು ಓದಿ ಕೆರಳಿದವನಲ್ಲ. ತನ್ನ ಮೈಮೇಲೆ, ಮನೆಯ ಮೇಲೆ ಪ್ರಭುತ್ವ ಕೈಮಾಡಿದ್ದರಿಂದ ಕೆರಳಿದವನು. ದಕ್ಷಿಣದವನಿಗೆ ಪ್ರಭುತ್ವ ನೆಲ ಕೊಡುವ ಕೈಯಾಗಿ ಕಂಡಿತು, ಉತ್ತರದವನಿಗೆ ಚಾಕು ಹಿಡಿದ ಕೈಯಾಗಿ ಕಂಡಿತು. ಇಬ್ಬರೂ ತಾವು ಕಂಡದ್ದಕ್ಕೆ ಮತ ಹಾಕಿದರು. ಒಬ್ಬನಿಗೆ ಪ್ರಜಾಸತ್ತೆಯ ರಕ್ಷಕನೆಂಬ ಬಿರುದನ್ನೂ ಇನ್ನೊಬ್ಬನಿಗೆ ದಾಸನೆಂಬ ಹೆಸರನ್ನೂ ಹಂಚುವುದು ಅನ್ಯಾಯ.

ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಒಂದು ಬಗೆಯ ಸ್ತುತಿಯೇ ಆದೀತು. ಕಾರಣವಿತ್ತು ಎಂದಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದದ್ದು ಬೆಂಗಳೂರಿನಲ್ಲಿ. ಸೆರೆಯಲ್ಲಿದ್ದದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು ಉಬ್ಬಸದ ರೋಗಿಯೆಂದು ತಿಳಿದೂ ವಿಚಾರಣೆಯಿಲ್ಲದೆ ಅದೇ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಗೇಣಿದಾರನಿಗೆ ನೆಲ ಕೊಟ್ಟ ಸರ್ಕಾರವೇ ಈ ಸೆರೆಮನೆಯನ್ನೂ ನಡೆಸುತ್ತಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದರಿಂದ ಹಳ್ಳಿಯವನಿಗೆ ಇದು ತಿಳಿಯದೆ ಹೋಗಿರಬಹುದು. ಆದರೆ ಬೀಗ ಸಡಿಲಿದ ಮೇಲೆ, ಷಾ ಆಯೋಗದ ಮುಂದೆ ಸಾಕ್ಷ್ಯಗಳು ಬರತೊಡಗಿದ ಮೇಲೆ, ತಿಳಿಯಲಿಲ್ಲವೆಂಬ ಸಮಾಧಾನ ಉಳಿಯುವುದಿಲ್ಲ. ತನಗೆ ಸಂದ ಲಾಭದ ಬೆಲೆಯನ್ನು ಬೇರೆ ಯಾರು ತೆತ್ತರೆಂದು ಕೇಳಿಕೊಳ್ಳುವುದು ಮತದಾರನ ಹೊಣೆಯ ತಿರುಳು. ಅದನ್ನು ಕೇಳದೆ ಹಾಕಿದ ಮತ ಕಾನೂನಿನಂತೆ ಸಿಂಧುವೇ. ಧರ್ಮದ ದೃಷ್ಟಿಯಿಂದ ಅಪೂರ್ಣ.

ಈ ಹೊಣೆಯನ್ನು ಮರೆಸುವುದರಲ್ಲಿ ಭಾಷೆಯ ಪಾಲೂ ಇದೆ. ಕನ್ನಡದಲ್ಲಿ ಮತ ಚಲಾಯಿಸುವ ಕ್ರಿಯೆಗೆ ‘ಮತದಾನ’ವೆಂಬ ಹೆಸರು ರೂಢವಾಯಿತು. ದಾನದ ವಿಚಾರದಲ್ಲಿ ಪ್ರಾಚೀನರು ದಾತೃ, ಪಾತ್ರ, ದ್ರವ್ಯ, ವಿಧಿಗಳೆಂಬ ನಾಲ್ಕನ್ನೂ ನೋಡಿದರು, ಅಪಾತ್ರದಾನವನ್ನು ನಿಂದಿಸಿದರು. ಅಷ್ಟರಮಟ್ಟಿಗೆ ಈ ಪದ ಮತದಾರನಿಗೆ ವಿವೇಕವನ್ನೇ ಹೇಳುತ್ತದೆ. ಆದರೆ ದಾನ ಕೊಟ್ಟ ಕ್ಷಣದಲ್ಲಿ ದಾತೃವಿನ ಸ್ವತ್ವ ಅಳಿಯುತ್ತದೆ. ಕೊಟ್ಟದ್ದನ್ನು ಮರಳಿ ಕೇಳುವುದು ದತ್ತಾಪಹಾರ, ಮಹಾಪಾಪ. ಪ್ರಜಾಪ್ರಭುತ್ವದಲ್ಲಿ ಇದು ತಲೆಕೆಳಗು. ಇಲ್ಲಿ ಕೊಟ್ಟದ್ದರ ಲೆಕ್ಕ ಕೇಳುವುದೂ ಬೇಕಾದಾಗ ಹಿಂದೆಗೆದುಕೊಳ್ಳುವುದೂ ಕರ್ತವ್ಯ. ಅಲ್ಲದೆ ‘ಮತ’ವೆಂದರೆ ಅಭಿಪ್ರಾಯ, ಅಭಿಪ್ರಾಯವನ್ನು ಪೆಟ್ಟಿಗೆಗೆ ಹಾಕಿ ಬರಿಗೈಯಲ್ಲಿ ಮನೆಗೆ ಬರಲಾಗದು. ಮತಪತ್ರ ಹೋಗುತ್ತದೆ, ಮತ ಮತದಾರನಲ್ಲೇ ಉಳಿಯುತ್ತದೆ, ಉಳಿಯುವುದರಿಂದಲೇ ಬದಲಾಗಬಲ್ಲದು. ಚುನಾವಣೆಯ ಮರುದಿನ ಆರಂಭವಾಗಬೇಕಾದ ಕೆಲಸ ಈ ಉಳಿದ ಮತದೊಡನೆ.

ಆ ಕೆಲಸವನ್ನು 1977ರಲ್ಲಿ ಗೆದ್ದವರು ಮಾಡಲಿಲ್ಲ. ನ್ಯಾಯಸೂತ್ರಕಾರರು ಚರ್ಚೆಯನ್ನು ಮೂರಾಗಿ ವಿಂಗಡಿಸಿದ್ದಾರೆ: ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ಸ್ವಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದಷ್ಟೇ ಗುರಿಯಾದದ್ದು ವಿತಂಡಾ. ಜನತಾ ಪಕ್ಷ ಕರ್ನಾಟಕದ ಮತದಾರನ ಮುಂದೆ ಇಂದಿರಾ ನಿಂದೆಯನ್ನಿಟ್ಟಿತು; ನೆಲದ ಅರ್ಜಿಯ ಗತಿಯೇನೆಂಬ ಅವನ ಪ್ರಶ್ನೆಗೆ ಅವನು ನಂಬುವಂಥ ಉತ್ತರವನ್ನಿಡಲಿಲ್ಲ. ಪರಿಣಾಮ ತಡವಾಗಲಿಲ್ಲ. 1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನಗಳನ್ನು ಪಡೆಯಿತು. ಅದೇ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಮಿಕ್ಕ ಮತಗಳಿಂದ ಸೋಲಿಸಿದರು. ಆಡಳಿತ ಪಕ್ಷ ಇದಕ್ಕೆ ಕೊಟ್ಟ ಉತ್ತರವಾದರೂ ಏನು? ಡಿಸೆಂಬರಿನಲ್ಲಿ ಅವರನ್ನು ಲೋಕಸಭೆಯಿಂದ ಹೊರಹಾಕಿ ಸೆರೆಗೆ ಕಳಿಸಿತು. ಹಕ್ಕುಚ್ಯುತಿಯ ಆರೋಪಕ್ಕೆ ಆಧಾರವಿದ್ದಿರಬಹುದು. ಆದರೆ ಚಿಕ್ಕಮಗಳೂರಿನ ಮತದಾರ ಓದಿಕೊಂಡ ಅರ್ಥ ಒಂದೇ: ತನ್ನನ್ನು ಒಲಿಸಲಾಗದವರು ತನ್ನ ಆಯ್ಕೆಯನ್ನು ಅಳಿಸಿಹಾಕಿದರು.

ಮುಂದಿನ ಕೆಲವು ವರ್ಷಗಳು ಎರಡೂ ಪಂಕ್ತಿಗಳನ್ನು ಕಲಸಿಹಾಕಿದವು. 1980ರ ಜನವರಿಯಲ್ಲಿ, ಪ್ರಜಾಸತ್ತೆಯ ರಕ್ಷಕನೆನಿಸಿದ್ದ ಉತ್ತರಪ್ರದೇಶದ ಮತದಾರನೇ 85ರಲ್ಲಿ 51 ಸ್ಥಾನಗಳನ್ನು ಇಂದಿರಾ ಕಾಂಗ್ರೆಸ್ಸಿಗೆ ಕೊಟ್ಟ. ಕರ್ನಾಟಕದಲ್ಲಿ 28ರಲ್ಲಿ 27 ಆ ಪಕ್ಷಕ್ಕೇ ಹೋದವು. ಆ ಹೊತ್ತಿಗೆ ಇಂದಿರಾ ಅವರಿಂದ ಬೇರ್ಪಟ್ಟಿದ್ದ ದೇವರಾಜ ಅರಸರಿಗೆ ಏನೂ ದಕ್ಕಲಿಲ್ಲ. ಮತವು ಭೂಸುಧಾರಣೆಯ ಕೃತಜ್ಞತೆಯಷ್ಟೇ ಆಗಿದ್ದರೆ ಅದು ಅರಸರ ಕಡೆಗೆ ಹರಿಯಬೇಕಿತ್ತು. ನೆಲ ಪಡೆದವನನ್ನೂ ಶಾಶ್ವತ ಋಣಿಯೆಂದು ಎಣಿಸುವಂತಿಲ್ಲವೆಂಬ ಪಾಠ ಇದರಲ್ಲಿದೆ.

ಅದೇ ವರ್ಷದ ಜುಲೈಯಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರು ನಡೆಯಿತು. ರಾಜ್ಯ ರೈತಸಂಘ ತಲೆಯೆತ್ತಿತು. 1982ರಲ್ಲಿ ಗೋಕಾಕ್ ಚಳವಳಿ ನಾಡನ್ನೇ ಬೀದಿಗಿಳಿಸಿತು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. 1977ರಲ್ಲಿ ಭಾಷಣಗಳಿಂದ ಆಗದಿದ್ದದ್ದು ಈಗ ಆಯಿತು. ಏಕೆಂದರೆ ಮಾತು ಕೇಳುವವನ ಕಾಲುವೆಯಿಂದ, ಕರದ ಚೀಟಿಯಿಂದ, ಮಗುವಿನ ಪಾಠದ ಭಾಷೆಯಿಂದ ಆರಂಭವಾಗಿತ್ತು. ‘ಮನವೊಲಿಸು’ ಎಂಬ ಕನ್ನಡ ಪದದಲ್ಲಿ ‘ಒಲಿ’ ಎಂಬ ಧಾತುವಿದೆ. ಒಲಿಯುವುದು ಕೇಳುವವನ ಮನಸ್ಸು, ಹೇಳುವವನ ಪಾಂಡಿತ್ಯವಲ್ಲ. ಹೀಗೆ ಒಲಿದ ಮನಸ್ಸು ಕುರುಡಾಗಿಯೂ ಉಳಿಯಲಿಲ್ಲ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 28ರಲ್ಲಿ 24 ಸ್ಥಾನಗಳನ್ನು ಕೊಟ್ಟ ನಾಡು, ಮೂರು ತಿಂಗಳೊಳಗೆ 1985ರ ಮಾರ್ಚಿಯಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನಗಳನ್ನು ಕೊಟ್ಟಿತು. ದೆಹಲಿಗೊಂದು, ಬೆಂಗಳೂರಿಗೊಂದು ಲೆಕ್ಕ ಹಾಕಬಲ್ಲ ಈ ಮತದಾರನನ್ನು ನಿದ್ರಿಸುತ್ತಿದ್ದವನೆಂದು ಕರೆಯುವವರು ತಮ್ಮ ನಿದ್ರೆಯನ್ನು ಅವನಿಗೆ ಆರೋಪಿಸುತ್ತಿದ್ದಾರೆ.

ಇಲ್ಲಿ ಪ್ರಬಲವಾದ ಒಂದು ಆಕ್ಷೇಪವುಂಟು. ಕೆಲವು ಮತಗಳ ಹಿಂದೆ ಹೊಟ್ಟೆಪಾಡಿನ ಲೆಕ್ಕವಿರುವುದಿಲ್ಲ, ನೆರೆಯವನ ಮೇಲಿನ ದ್ವೇಷವಷ್ಟೇ ಇರುತ್ತದೆ. ಅಂಥ ಮತದಿಂದ ಪೆಟ್ಟು ತಿಂದವನೇ ಪೆಟ್ಟು ಕೊಟ್ಟವನ ಬಾಗಿಲಿಗೆ ಹೋಗಿ ವಿನಯದಿಂದ ಕಾರಣ ವಿಚಾರಿಸಬೇಕೇ? ಬೇಕಿಲ್ಲ. ಸ್ನೇಹಲತಾ ರೆಡ್ಡಿಯವರ ಮನೆಯವರಿಗಾಗಲಿ ತುರ್ಕಮಾನ್ ಗೇಟಿನಲ್ಲಿ ಮನೆ ಕಳೆದುಕೊಂಡವರಿಗಾಗಲಿ ಅಂಥ ಹೊಣೆಯನ್ನು ಹೊರಿಸುವುದು ಕ್ರೌರ್ಯ. ನೊಂದವರಿಗೆ ಸಿಟ್ಟಾಗುವ ಹಕ್ಕಿದೆ. ಮನವೊಲಿಸುವ ಹೊಣೆ ಬೀಳುವುದು ಪೆಟ್ಟು ತಿನ್ನದೆ ದೂರದಲ್ಲಿ ಸುರಕ್ಷಿತವಾಗಿ ನಿಂತವರ ಮೇಲೆ: ಓದಿದವರು, ಬರೆಯುವವರು, ತರಗತಿಯಲ್ಲಿ ಪಾಠ ಹೇಳುವವರ ಮೇಲೆ. ಚುನಾವಣೆಯ ಮರುದಿನ ಜನರನ್ನು ಬೈಯುವ ದನಿ ಅತ್ಯಂತ ಗಟ್ಟಿಯಾಗಿ ಕೇಳುವುದು ಈ ಸುರಕ್ಷಿತ ಸ್ಥಳಗಳಿಂದಲೇ. ಅಲ್ಲಿಯ ಸಿಟ್ಟಿಗೆ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ಅದರಿಂದ ಒಂದು ಮತವೂ ಬದಲಾಗುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕೆಲಸದ ಕ್ರಮ ಅಪರಿಚಿತವಲ್ಲ. ಈ ನೆಲದ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷ ಬರುತ್ತದೆ. ಎದುರಾಳಿಯ ನಿಲುವನ್ನು ಅವನೇ ಓದಿದರೂ ‘ಹೌದು, ನನ್ನ ಅಭಿಪ್ರಾಯ ಇದೇ’ ಎನ್ನುವಷ್ಟು ಪ್ರಾಮಾಣಿಕವಾಗಿ ಬರೆದ ಬಳಿಕವೇ ಖಂಡನೆಗೆ ತೊಡಗುವುದು ಉತ್ತಮ ಶಾಸ್ತ್ರಕಾರನ ಮರ್ಯಾದೆ. 1977ರ ಕನ್ನಡದ ಗೇಣಿದಾರನ ಪೂರ್ವಪಕ್ಷವನ್ನು ಬರೆಯಬಲ್ಲವನಿಗೆ ಮಾತ್ರ, ‘ನಿನ್ನ ನೆಲದ ಹಕ್ಕುಪತ್ರಕ್ಕೆ ಮುದ್ರೆ ಒತ್ತಿದ ಸರ್ಕಾರವೇ ವಿಚಾರಣೆಯಿಲ್ಲದೆ ಸೆರೆಗೆ ಹಾಕುವ ಆಜ್ಞೆಗಳನ್ನೂ ಹೊರಡಿಸಿತು; ಆ ಅಧಿಕಾರ ಹಾಗೆಯೇ ಉಳಿದರೆ ನಾಳೆ ನಿನ್ನ ಪತ್ರವನ್ನು ಕಸಿದರೂ ಕೇಳುವವರಿರುವುದಿಲ್ಲ’ ಎಂದು ಅವನಿಗೆ ಹೇಳುವ ಅರ್ಹತೆ ಬರುತ್ತದೆ. ಆ ಮಾತನ್ನು ಅಂದು ಅವನ ಅಂಗಳದವರೆಗೆ ಒಯ್ದವರು ವಿರಳ. ಇಂದು ದೇಶವನ್ನು ಒಡೆದ ಇನ್ನೊಂದು ಫಲಿತಾಂಶದ ಮುಂದೆ ನಿಂತು ಮತದಾರನನ್ನು ಹಳಿಯುವವರೂ ಹೊಗಳುವವರೂ ಮೊದಲು ತಮ್ಮ ಎದುರು ಪಕ್ಷಕ್ಕೆ ಮತ ಹಾಕಿದ ಒಬ್ಬನ ಪೂರ್ವಪಕ್ಷವನ್ನು ಒಂದು ಪುಟದಷ್ಟು ಬರೆದು, ಅವನಿಗೇ ಓದಿ ಹೇಳಿ, ಅವನಿಂದ ಒಪ್ಪಿಗೆ ಪಡೆಯಲಿ. ಖಂಡನೆ ಅನಂತರ ಬರಲಿ, ಬರಲೇಬೇಕು.