ಆತಂಕಕ್ಕೂ ಆಸರೆ ಬೇಕು



ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಘೋಷಿಸಿದರು. ಮೂರು ವರ್ಷ ಮೀರಿದ ಹೋರಾಟಕ್ಕೆ ಸಿಕ್ಕ ದೊಡ್ಡ ಗೆಲುವು ಅದು. ಆದರೆ ಆ ವರ್ಷಗಳಲ್ಲಿ ಜಮೀನು ಹೋದರೆ ಮಕ್ಕಳ ಗತಿಯೇನು ಎಂದು ಕೊರಗಿದವರ ನಿದ್ದೆ, ನೆಮ್ಮದಿ ಒಂದು ಘೋಷಣೆಯಿಂದ ಮರಳುವುದಿಲ್ಲ. ಎದೆ ಡವಗುಟ್ಟುತ್ತದೆ, ಕೈಕಾಲು ನಡುಗುತ್ತವೆ ಎಂದು ಇಸಿಜಿ ಮಾಡಿಸಿ, ‘ಏನೂ ಇಲ್ಲ’ ಎನ್ನಿಸಿಕೊಂಡು ಬರುವವರು ಮುಂದೆ ಯಾರ ಬಳಿ ಹೋಗಬೇಕು? ಆಪ್ತಸಮಾಲೋಚಕರೆಂದರೆ ಹುಚ್ಚಿಗೆ ಮದ್ದು ಕೊಡುವವರು ಎಂಬ ಅಂಜಿಕೆ ಇನ್ನೂ ಇದೆ. ಖಾಸಗಿಯವರ ಶುಲ್ಕವಂತೂ ರೈತರ ಕೈಗೆಟುಕದು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಸರ್ಕಾರ ರೂಪಿಸಿದ ಮನೋಚೈತನ್ಯ ಕಾರ್ಯಕ್ರಮವೂ ಇದೆ. ಇವೆರಡರ ವಿವರವನ್ನೂ ಪ್ರತಿ ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಬರೆಸಬೇಕು. ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ವಿಚಾರಿಸುವಂತೆಯೇ ನಿದ್ದೆಯನ್ನೂ ವಿಚಾರಿಸಲಿ. ಹೋಬಳಿ ಕೇಂದ್ರದಲ್ಲಿ ವಾರಕ್ಕೊಂದು ದಿನವಾದರೂ ಆಪ್ತಸಮಾಲೋಚಕರು ಕೂರುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಕೂಡಲೇ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಒಬ್ಬ ರೈತ ಮಹಿಳೆ, ಚನ್ನರಾಯಪಟ್ಟಣ, ದೇವನಹಳ್ಳಿ ತಾ.