ಬೆನ್ನು ತಿರುಗಿಸುವ ಬುದ್ಧಿ

ಆಂಗ್ಲ ಭಾಷೆಯಲ್ಲಿ ‘ಟರ್ಜಿವರ್ಸೇಟರ್’ ಎಂಬುದೊಂದು ಪದವಿದೆ. ಆ ಭಾಷೆಯನ್ನು ಮನೆಮಾತಾಗಿ ಉಳ್ಳವರಲ್ಲಿಯೂ ಇದನ್ನು ಬಳಸುವವರು ವಿರಳ. ೨೦೧೧ರಲ್ಲಿ ಅಮೆರಿಕದ ಅಂತರ್ಜಾಲ ನಿಘಂಟೊಂದು ಇದರ ಕ್ರಿಯಾರೂಪವನ್ನು ಆ ವರ್ಷದ ಪದವೆಂದು ಆರಿಸಿತ್ತು. ಕೊಟ್ಟ ಮಾತಿನಿಂದ ಜಾರಿಕೊಳ್ಳುವವನು, ಹಿಡಿದ ಪಕ್ಷವನ್ನು ನಡುವೆಯೇ ಬಿಡುವವನು, ನೇರವಾದ ಪ್ರಶ್ನೆಗೆ ನೇರವಾದ ಉತ್ತರ ಕೊಡದೆ ನುಣುಚಿಕೊಳ್ಳುವವನು ಎಂದು ಇದರ ಅರ್ಥ. ಲ್ಯಾಟಿನ್ ಭಾಷೆಯಲ್ಲಿ ‘ಟೆರ್ಗುಮ್’ ಎಂದರೆ ಬೆನ್ನು, ‘ವೆರ್ತೆರೆ’ ಎಂದರೆ ತಿರುಗಿಸು. ಆದಕಾರಣ ಈ ಪದದ ಮೂಲಾರ್ಥ ‘ಬೆನ್ನು ತಿರುಗಿಸುವವನು’ ಎಂದಾಗುತ್ತದೆ. ಪದವು ಅಪರೂಪವಾದದ್ದಾದರೂ ಅದು ಹೆಸರಿಸುವ ಬುದ್ಧಿಯು ಅಪರೂಪವಾದದ್ದಲ್ಲ. ಅದರ ವಿಚಾರವಾಗಿ ನಮ್ಮ ವಿದ್ಯಾರ್ಥಿ ಮಿತ್ರರೊಡನೆ ಎರಡು ಮಾತುಗಳನ್ನಾಡಬೇಕೆಂದು ಬಯಸುತ್ತೇವೆ.

ನಮ್ಮ ಕನ್ನಡಕ್ಕೂ ಈ ಬೆನ್ನಿನ ಸಂಗತಿ ಹೊಸದಲ್ಲ. ರಣರಂಗದಿಂದ ಓಡಿಹೋದವನನ್ನು ‘ಬೆನ್ನು ತೋರಿಸಿದವನು’ ಎನ್ನುತ್ತೇವೆ. ಸಾಲ ಪಡೆದು ತೀರಿಸದವನನ್ನು ‘ಮುಖ ತಪ್ಪಿಸಿಕೊಂಡು ತಿರುಗುವವನು’ ಎನ್ನುತ್ತೇವೆ. ಇದಕ್ಕಿಂತಲೂ ಗಮನಿಸಬೇಕಾದ ವಿಷಯವೊಂದುಂಟು. ಕನ್ನಡದಲ್ಲಿ ನುಡಿಯನ್ನು ಸೂಚಿಸುವ ಮಾತು, ವಚನ, ಭಾಷೆ ಎಂಬ ಮೂರು ಪದಗಳೂ ಪ್ರತಿಜ್ಞೆ ಎಂಬ ಅರ್ಥವನ್ನೂ ಕೊಡುತ್ತವೆ. ‘ಮಾತು ಕೊಟ್ಟೆ’, ‘ವಚನವಿತ್ತೆ’, ‘ಭಾಷೆಯಿತ್ತೆ’ ಎಂದು ನಾವು ಹೇಳುವುದಿಲ್ಲವೇ? ನಮ್ಮ ನೆರೆಯ ಮರಾಠಿಗರೂ ‘ಶಬ್ದ ಕೊಡುವುದು’ ಎಂದೇ ಹೇಳುತ್ತಾರೆ. ಆಡಿದ ಮೇಲೆ ಅದು ಕೊಟ್ಟಂತೆಯೇ ಸರಿ ಎಂಬ ತಿಳಿವಳಿಕೆ ಈ ಪದಗಳೊಳಗೆ ಅಡಗಿದೆ. ಗೋವಿನ ಹಾಡನ್ನು ಅರಿಯದ ಕನ್ನಡದ ಮಗುವಿಲ್ಲ. ಪುಣ್ಯಕೋಟಿಯು ಹುಲಿಯಿಂದ ಬಿಡುಗಡೆ ಪಡೆದು ದೊಡ್ಡಿಗೆ ಬಂದ ಮೇಲೆ ಅದನ್ನು ಯಾರೂ ಕಟ್ಟಿ ಎಳೆದೊಯ್ಯಲಿಲ್ಲ. ಇಲ್ಲಿಯೇ ಉಳಿಯೆಂದು ಕರುವು ಬೇಡಿಕೊಂಡಿತು. ಆದರೂ ಅದು ಗುಡ್ಡದ ಕಡೆಗೆ ಮುಖ ಮಾಡಿ ನಡೆಯಿತು. ಕಾವಲಿಲ್ಲದ ಕಡೆ ಉಳಿಸಿಕೊಂಡ ಮಾತೇ ಉಳಿಸಿಕೊಂಡ ಮಾತೆಂಬುದು ಆ ಹಾಡಿನ ಸಾರ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ಒಮ್ಮೆ ಹಿಡಿದುದನ್ನು ಎಂದೂ ಬಿಡಲೇಬಾರದೆ? ತಪ್ಪೆಂದು ತಿಳಿದ ಮೇಲೂ ಅದೇ ದಾರಿಯಲ್ಲಿ ನಡೆಯಬೇಕೆ? ಖಂಡಿತವಾಗಿಯೂ ಇಲ್ಲ. ೧೯೨೨ರ ಫೆಬ್ರವರಿಯಲ್ಲಿ ಚೌರಿಚೌರಾ ಎಂಬಲ್ಲಿ ಉದ್ರಿಕ್ತ ಜನರು ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ, ಮಹಾತ್ಮಾ ಗಾಂಧಿಯವರು ದೇಶವ್ಯಾಪಿಯಾಗಿದ್ದ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಸೆರೆಮನೆಯಲ್ಲಿದ್ದ ಮೋತೀಲಾಲ ನೆಹರೂ, ಲಾಲಾ ಲಜಪತರಾಯರಂತಹ ನಾಯಕರು ಇದರಿಂದ ಕ್ಷೋಭೆಗೊಂಡರು. ಹೊರನೋಟಕ್ಕೆ ಅದು ಹಿಮ್ಮೆಟ್ಟುವಿಕೆಯೇ ಆಗಿತ್ತು. ಆದರೆ ಗಾಂಧಿಯವರು ಯಾರಿಂದಲೂ ಮುಖ ಮರೆಸಿಕೊಳ್ಳಲಿಲ್ಲ. ತಮ್ಮ ನಿರ್ಧಾರದ ಕಾರಣವನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಐದು ದಿನಗಳ ಉಪವಾಸವನ್ನು ಕೈಗೊಂಡರು. ಮುಂದಿನ ತಿಂಗಳು ಬಂಧನಕ್ಕೊಳಗಾಗಿ ಆರು ವರ್ಷಗಳ ಶಿಕ್ಷೆಗೆ ತಲೆಬಾಗಿದರು. ಮನಸ್ಸು ಬದಲಿಸುವವನು ಜನರಿಗೆ ಮುಖ ಕೊಟ್ಟು ಕಾರಣ ಹೇಳುತ್ತಾನೆ, ಅದರ ಕಷ್ಟವನ್ನು ತಾನೇ ಹೊರುತ್ತಾನೆ. ಮಾತಿಗೆ ತಪ್ಪುವವನಾದರೋ ಏನನ್ನೂ ಹೇಳದೆ ಬೆನ್ನು ತಿರುಗಿಸುತ್ತಾನೆ, ಕಷ್ಟವನ್ನು ಪರರ ಹೆಗಲಿಗೆ ಹೊರಿಸುತ್ತಾನೆ. ಇವೆರಡನ್ನು ಒಂದೆಂದು ಭಾವಿಸಲಾಗದು.

ಎರಡನೆಯ ಬಗೆಗೂ ನಮ್ಮ ದೇಶದಲ್ಲಿ ನಿದರ್ಶನಗಳಿಗೆ ಕೊರತೆಯಿಲ್ಲ. ೧೯೬೭ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಅವರು ಹದಿನೈದು ದಿನಗಳೊಳಗೆ ಮೂರು ಬಾರಿ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ನುಡಿಗಟ್ಟು ಅಂದಿನಿಂದ ದೇಶವೆಲ್ಲ ಹಬ್ಬಿತು. ಇಂತಹ ಪಕ್ಷಾಂತರಗಳು ಹೆಚ್ಚಿದ ಕಾರಣ ೧೯೮೫ರಲ್ಲಿ ಸಂವಿಧಾನಕ್ಕೆ ಐವತ್ತೆರಡನೆಯ ತಿದ್ದುಪಡಿಯನ್ನು ತಂದು ಹತ್ತನೆಯ ಅನುಸೂಚಿಯನ್ನು ಸೇರಿಸಬೇಕಾಯಿತು. ಆದರೂ ಪಕ್ಷಾಂತರ ನಿಂತಿಲ್ಲ. ಅಧಿಕಾರ ಕಳೆದುಕೊಳ್ಳುವ ಭಯವನ್ನು ಕಾನೂನು ಹುಟ್ಟಿಸಬಲ್ಲುದು. ಮಾತಿಗೆ ತಪ್ಪುವುದಕ್ಕೆ ನಾಚಿಕೆಯನ್ನು ಹುಟ್ಟಿಸಲಾರದು.

ಮಾತು ಉಳಿಸಿಕೊಳ್ಳುವುದು ತನ್ನ ಮಾನದ ಪ್ರಶ್ನೆ ಮಾತ್ರವೆಂದು ಕೆಲವರು ಎಣಿಸುತ್ತಾರೆ. ಅದು ಅರ್ಧಸತ್ಯ. ನಮ್ಮ ಮಾತನ್ನು ನಂಬಿ ಬೇರೊಬ್ಬನು ತನ್ನ ಬಾಳನ್ನು ಕಟ್ಟಿರುತ್ತಾನೆ. ನಮ್ಮ ನೆರೆಯ ನವಿ ಮುಂಬಯಿಯನ್ನೇ ನೋಡಿರಿ. ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಗೊಂಡ ಬಳಿಕ, ಈ ನಗರವನ್ನು ಕಟ್ಟಲು ತೊಂಬತ್ತೈದು ಹಳ್ಳಿಗಳ ಭೂಮಿ ಬೇಕಾಯಿತು. ಗದ್ದೆ, ಉಪ್ಪಿನ ಆಗರಗಳನ್ನು ಬಿಟ್ಟುಕೊಡಬೇಕಾದ ರೈತರು ನ್ಯಾಯವಾದ ಪ್ರತಿಫಲಕ್ಕಾಗಿ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಹೋರಾಡಿದರು. ೧೯೮೪ರ ಜನವರಿಯಲ್ಲಿ ಉರಣ ತಾಲ್ಲೂಕಿನ ಜಾಸಯಿ ಪರಿಸರದಲ್ಲಿ ನಡೆದ ಗೋಲೀಬಾರಿನಲ್ಲಿ ಐವರು ಪ್ರಾಣ ತೆತ್ತರು. ಸ್ವಾಧೀನವಾದ ಭೂಮಿಯಲ್ಲಿ ಶೇಕಡಾ ಹನ್ನೆರಡೂವರೆ ಪಾಲನ್ನು ಅಭಿವೃದ್ಧಿಪಡಿಸಿ ಅವರಿಗೇ ಹಿಂದಿರುಗಿಸುವ ಯೋಜನೆ ರೂಪುಗೊಂಡದ್ದು ಆಮೇಲೆ. ‘ಸಾಡೇಬಾರಾ ಟಕ್ಕೆ’ ಎಂದರೆ ಅಲ್ಲಿಯ ಮುದುಕರಿಗೆ ಅದು ಬರಿಯ ಲೆಕ್ಕವಲ್ಲ. ಹಿರಿಯರು ಪ್ರಾಣ ಕೊಟ್ಟು ಪಡೆದ ಮಾತು. ಮಾತು ಕೊಡುವವನಿಗೆ ಅದು ಒಂದು ದಿನದ ಕೆಲಸವಾಗಿರಬಹುದು. ಪಡೆದವನಿಗೆ ಅದೇ ಜೀವನಾಧಾರ.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಾವು ಚಿಕ್ಕವರು, ಯಾರಿಗೆ ಏನು ಮಾತು ಕೊಟ್ಟಿದ್ದೇವೆ ಎಂದು ಕೇಳಬಹುದು. ಬಾಲಭಾರತಿಯ ನಮ್ಮ ಕನ್ನಡ ಪಠ್ಯಪುಸ್ತಕದ ಮೊದಲ ಪುಟಗಳನ್ನು ತೆರೆದರೆ ಉತ್ತರ ಅಲ್ಲಿಯೇ ಇದೆ. ಭಾರತ ನನ್ನ ದೇಶವೆಂದು ಆರಂಭವಾಗುವ ಪ್ರತಿಜ್ಞೆಯನ್ನು ೧೯೬೨ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು ತೆಲುಗಿನಲ್ಲಿ ರಚಿಸಿದರು. ೧೯೬೫ರ ಜನವರಿ ೨೬ರಿಂದ ಅದು ದೇಶದ ಶಾಲೆಗಳಲ್ಲಿ ಬಳಕೆಗೆ ಬಂತು. ಹಿರಿಯರನ್ನು ಗೌರವಿಸುವೆವು, ಎಲ್ಲರೊಡನೆ ಸೌಜನ್ಯದಿಂದ ನಡೆಯುವೆವು ಎಂಬ ಭರವಸೆ ಅದರಲ್ಲಿದೆ. ಬೆಳಗ್ಗೆ ಕೈಚಾಚಿ ಅದನ್ನು ಗಟ್ಟಿಯಾಗಿ ಹೇಳುವ ನಾವೇ, ಸಂಜೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಬಂದು ನಿಂತೊಡನೆ ಮುದುಕರನ್ನು ಮೊಣಕೈಯಿಂದ ತಳ್ಳಿ ಒಳನುಗ್ಗಿದರೆ, ಬೆಳಗಿನ ಮಾತು ಎಲ್ಲಿ ಹೋಯಿತು? ಪ್ರತಿಜ್ಞೆಗಳು ಮುರಿಯುವುದು ಮಹಾಯುದ್ಧಗಳಲ್ಲಿ ಅಲ್ಲ. ಇಂತಹ ಸಣ್ಣ ಎಡೆಗಳಲ್ಲಿ, ‘ಇದೊಂದು ಸಲ’ ಎಂಬ ಸಮಾಧಾನದಲ್ಲಿ.

ದೊಡ್ಡವರನ್ನು ಕುರಿತೂ ವಿನಯದಿಂದ ಒಂದು ಮಾತು. ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ನವೆಂಬರ್ ಒಂದರಂದು ಕನ್ನಡವನ್ನು ಉಳಿಸುವೆವೆಂದು ವೇದಿಕೆಯಿಂದ ಘೋಷಿಸುವವರು ಅನೇಕರು. ಇತ್ತ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬೆಂಚುಗಳು ವರ್ಷದಿಂದ ವರ್ಷಕ್ಕೆ ತೆರವಾಗುತ್ತಿವೆ. ಮಕ್ಕಳ ಮುಂದಿನ ಓದು, ಉದ್ಯೋಗಗಳನ್ನು ಯೋಚಿಸಿ ಆಂಗ್ಲ ಮಾಧ್ಯಮವನ್ನು ಆರಿಸಿಕೊಂಡು, ಹಾಗೆಂದು ಸ್ಪಷ್ಟವಾಗಿ ಹೇಳುವ ತಂದೆತಾಯಿಯರನ್ನು ನಾವು ದೂರುವುದಿಲ್ಲ. ಅಂಥವರ ಮನೆಯಲ್ಲಿಯೂ ಕನ್ನಡವು ಮನೆಮಾತಾಗಿ ಬಾಳಬಲ್ಲುದು. ವೇದಿಕೆಯ ಮೇಲೆ ಭಾಷೆಯಿತ್ತು, ಮನೆಯಲ್ಲಿ ಮಕ್ಕಳೊಡನೆ ಒಂದು ವಾಕ್ಯವನ್ನೂ ಕನ್ನಡದಲ್ಲಿ ಆಡದವರ ನಡತೆಯೇ ನಮಗೆ ವ್ಯಸನಕರವಾದುದು. ಅವರು ತಪ್ಪುವುದು ಎರಡು ಅರ್ಥದಲ್ಲಿಯೂ ಭಾಷೆಗೇ. ಅವರ ಘೋಷಣೆಯನ್ನು ನಂಬಿ ಕನ್ನಡ ಶಾಲೆಯ ಬೆಂಚಿನಲ್ಲಿ ಉಳಿದಿರುವವರು ನಾವು.

ಹಾಗಾದರೆ ಮಾಡತಕ್ಕದ್ದೇನು? ಸುಲಭವಾಗಿ ಮಾತು ಕೊಡದಿರುವುದು ಮೊದಲನೆಯದು. ಆಗದ ಕೆಲಸಕ್ಕೆ ‘ಆಗದು’ ಎನ್ನುವುದರಲ್ಲಿ ಅವಮಾನವಿಲ್ಲ. ಕೊಟ್ಟುದನ್ನು, ಯಾರೂ ನೋಡದಿದ್ದರೂ, ನಡೆಸುವುದು ಎರಡನೆಯದು. ಗೆಳೆಯನಿಗೆ ಹಿಂದಿರುಗಿಸುವೆನೆಂದ ಪುಸ್ತಕ, ತಾಯಿಗೆ ಹೇಳಿದ ವೇಳೆ, ತಂಡಕ್ಕೆ ಒಪ್ಪಿಕೊಂಡ ಪಾತ್ರ ಇವೆಲ್ಲವೂ ಅದರ ಅಭ್ಯಾಸವೇ. ನಿಜವಾಗಿಯೂ ನಡೆಸಲಾಗದ ಸಂದರ್ಭ ಒದಗಿದರೆ, ಮಾತು ಪಡೆದವನ ಎದುರಿಗೆ ಹೋಗಿ, ಕಾರಣವನ್ನು ತಿಳಿಸಿ, ಅವನ ನಷ್ಟವನ್ನು ತುಂಬಲು ಪ್ರಯತ್ನಿಸುವುದು ಮೂರನೆಯದು. ಈ ಮೂರನ್ನು ಪಾಲಿಸುವವರು ಆ ಆಂಗ್ಲ ಪದದ ಉಚ್ಚಾರಣೆಯನ್ನು ಮರೆತರೂ ಚಿಂತೆಯಿಲ್ಲ. ನಾಳೆ ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಪ್ರತಿಜ್ಞೆಯನ್ನು ಹೇಳುವಾಗ, ಪ್ರತಿಯೊಂದು ವಾಕ್ಯವನ್ನೂ ನಾವು ಯಾರಿಗೆ ಕೊಡುತ್ತಿದ್ದೇವೆಂದು ಯೋಚಿಸಿ ಹೇಳೋಣ.