ದಡಕ್ಕೆ ಕಟ್ಟದ ದೋಣಿ

"ಅಷ್ಟು ದುಡ್ಡು ಕೊಟ್ಟು ದೋಣಿ ತಗೊಂಡು ನೀರಿನ ಮಧ್ಯೆ ಬಿಟ್ಟು ಬರ್ತೀಯಾ? ಯಾರಾದ್ರೂ ಬಿಚ್ಕೊಂಡು ಹೋದ್ರೆ ಏನೋ ಮಾಡ್ತೀಯ?"

ಫೋನಿನಲ್ಲಿ ಅಮ್ಮ ಕೇಳಿದ ಈ ಪ್ರಶ್ನೆಗೆ ಅವತ್ತು ಸರಿಯಾದ ಉತ್ತರ ಹೊಳೆಯಲಿಲ್ಲ. ಇಲ್ಲಿನ ಗೆಳೆಯರೂ ಇದನ್ನೇ ಕೇಳುತ್ತಾರೆ. ಹಾಗಾಗಿ ಒಂದು ಸಲ ಬರೆದೇಬಿಡೋಣ ಅನ್ನಿಸಿತು.

ಬೇಸಿಗೆಯಲ್ಲಿ ಬಾಸ್ಟನ್ನಿನ ಉತ್ತರಕ್ಕಿರುವ ಸೇಲಂ, ಮಾರ್ಬಲ್‌ಹೆಡ್ ಕಡೆ ಹೋದರೆ ನೂರಾರು ದೋಣಿಗಳು ದಡದಿಂದ ದೂರ, ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದು ಕಾಣುತ್ತೆ. ಇದಕ್ಕೆ ಮೂರಿಂಗ್ ಅಂತಾರೆ. ತಳದ ಕೆಸರಿನಲ್ಲಿ ಹೂತಿರುವ ಅಣಬೆಯಾಕಾರದ ಭಾರಿ ಕಬ್ಬಿಣ, ಅದಕ್ಕೊಂದು ಸರಪಳಿ, ಮೇಲೆ ತೇಲುವ ಚೆಂಡು, ಅಲ್ಲಿಂದ ದೋಣಿಯ ಮೂತಿಗೆ ಹಗ್ಗ. ಇಷ್ಟೇ. ನಾನು ಮತ್ತು ನನ್ನ ಸಹೋದ್ಯೋಗಿ ಸೇರಿ ಕೊಂಡ ಹಳೇ 22 ಅಡಿ ಹಾಯಿದೋಣಿಯನ್ನೂ ಹೀಗೇ ಕಟ್ಟುತ್ತೇವೆ.

ಮೊದಲ ಕಾರಣ ದುಡ್ಡು, ಮುಚ್ಚಿಡೋದೇನಿದೆ :-) ಡಾಕಿನಲ್ಲಿ ಜಾಗ ಬೇಕೆಂದರೆ ನಡೆದು ಹೋಗುವ ಕಟ್ಟೆ, ನೀರಿನ ನಲ್ಲಿ, ಕರೆಂಟು, ಕಾರು ಪಾರ್ಕಿಂಗು ಎಲ್ಲದಕ್ಕೂ ಸೇರಿಸಿ ಕೊಡಬೇಕು. ನಮಗೆ ಹೇಳಿದ ಬಾಡಿಗೆ ಎರಡು ವರ್ಷಕ್ಕೆ ದೋಣಿಯ ಬೆಲೆಯನ್ನೇ ಮೀರುತ್ತಿತ್ತು. ಮೂರಿಂಗ್‌ಗೆ ಹಾರ್ಬರ್‌ಮಾಸ್ಟರ್ ಕೊಡುವ ವಾರ್ಷಿಕ ಪರವಾನಗಿ ಸಾಕು. ಬೇಡಿಕೆಯಿರುವ ಬಂದರುಗಳಲ್ಲಿ ಸರದಿ ಪಟ್ಟಿ ವರ್ಷಗಟ್ಟಲೆ ಉದ್ದ ಇರುತ್ತೆ, ನಿಜ. ಆದರೆ ಅಲ್ಲಿ ಕೆಲಸ ಮಾಡುವುದು ತಾಳ್ಮೆ, ಜೇಬಲ್ಲ. ಹಾಯಿದೋಣಿ ಅಂದರೆ ಶ್ರೀಮಂತರ ಆಟ ಅನ್ನೋ ಮಾತು ಸ್ವಲ್ಪವಾದರೂ ಸುಳ್ಳಾಗುವುದು ಇಂಥ ಕಡೆಯೇ.

ಎರಡನೆಯದು ದೋಣಿಯ ಸುಖ. ಡಾಕಿಗೆ ಬಿಗಿದ ದೋಣಿಗೆ ಗಾಳಿ ಯಾವ ಕಡೆಯಿಂದ ಬಂದರೂ ತಪ್ಪಿಸಿಕೊಳ್ಳಲಾಗದು. ಅಡ್ಡಗಾಳಿ ಬಂದರೆ ರಾತ್ರಿಯಿಡೀ ಕಟ್ಟೆಗೆ ಉಜ್ಜುತ್ತಲೇ ಇರುತ್ತೆ. ಮೂರಿಂಗ್‌ನಲ್ಲಿರುವ ದೋಣಿ ತಾನೇ ತಿರುಗಿ ಗಾಳಿಗೆ ಮೂತಿ ಕೊಡುತ್ತೆ. ಇಲ್ಲಿ ಉಬ್ಬರ ಇಳಿತದ ನಡುವೆ ಸುಮಾರು 9 ಅಡಿ ವ್ಯತ್ಯಾಸ, ಅದರ ಜೊತೆ ಅದು ಆರಾಮಾಗಿ ಏರಿ ಇಳಿಯುತ್ತೆ. ಹೊರಡುವಾಗ ಹಾಯಿ ಏರಿಸಿ ಹಗ್ಗ ಬಿಟ್ಟರಾಯ್ತು, ಇಂಜಿನ್ ಮುಟ್ಟಬೇಕಾಗಿಲ್ಲ.

ತೊಂದರೆ ಇಲ್ಲವೇ? ಇದೆ. ದೋಣಿಗೆ ಹೋಗಲು ಪುಟ್ಟ ಹುಟ್ಟುದೋಣಿ ಬೇಕು. ಅಪಾಯ ಇರೋದು ಸಮುದ್ರದಲ್ಲಿ ಅಂದುಕೊಂಡು ಈ ಐದು ನಿಮಿಷದ ದಾರಿಯಲ್ಲಿ ಲೈಫ್ ಜಾಕೆಟ್ ಬಿಚ್ಚಿಡುವವರನ್ನು ನೋಡಿದ್ದೇನೆ. ಜೂನ್ ತಿಂಗಳಲ್ಲೂ ಇಲ್ಲಿನ ನೀರು ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತೆ. ಇನ್ನೊಂದು, ಸಮುದ್ರತಳದ ಹುಲ್ಲು. ಉದ್ದ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ದನ ಸುತ್ತಲೂ ದುಂಡಗೆ ಮೇಯುವ ಹಾಗೆ, ತಳದಲ್ಲಿ ಎಳೆದಾಡುವ ಸರಪಳಿ ಈಲ್‌ಗ್ರಾಸನ್ನು ದುಂಡಗೆ ಬೋಳಿಸುತ್ತೆ. ಮೀನಿನ ಮರಿಗಳು ಬೆಳೆಯುವ ಜಾಗ ಅದು. ತಳಕ್ಕೆ ತಾಗದ, ರಬ್ಬರಿನ ಹಾಗೆ ಹಿಗ್ಗುವ ಮೂರಿಂಗ್‌ಗಳು ಈಗಾಗಲೇ ಇವೆ. ಹುಲ್ಲಿರುವ ಕಡೆ ಅವನ್ನೇ ಕಡ್ಡಾಯ ಮಾಡಬೇಕು, ಖರ್ಚು ಹೆಚ್ಚಾದರೂ ಸರಿ ಅಂತ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ದೊಡ್ಡ ತೊಂದರೆ, ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಡಾಕಿನಲ್ಲಿ ನಾಲ್ಕೈದು ಹಗ್ಗ ಇರುತ್ತೆ. ಇಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ, ಒಂದು ಕೊಂಡಿ ಹೋದರೆ ದೋಣಿಯೇ ಹೋಯಿತು. 1991ರ ಆಗಸ್ಟ್‌ನಲ್ಲಿ ಬಾಬ್ ಚಂಡಮಾರುತ ಬಂದಾಗ ಬಜಾರ್ಡ್ಸ್ ಬೇ ಕಡೆ ಎಷ್ಟೋ ದೋಣಿಗಳು ಮೂರಿಂಗ್ ಸಮೇತ ದಡಕ್ಕೆ ಬಂದು ಬಿದ್ದಿದ್ದವು.

2023ರ ಸೆಪ್ಟೆಂಬರ್‌ನಲ್ಲಿ ಲೀ ಬರುತ್ತೆ ಅಂತ ಸುದ್ದಿ ಬಂದಾಗ, ಎರಡು ದಿನ ಮುಂಚೆ ಹುಟ್ಟು ಹಾಕಿಕೊಂಡು ಹೋಗಿ ನೋಡಿದೆ. ಹಗ್ಗ ಸವೆಯದಿರಲೆಂದು ತೊಡಿಸಿದ್ದ ಪೈಪು ಜಾರಿಹೋಗಿತ್ತು. ಮೂರೆಳೆ ಹಗ್ಗದಲ್ಲಿ ಒಂದೆಳೆ ಪೂರ್ತಿ ತುಂಡಾಗಿತ್ತು. ಎದೆ ಧಸಕ್ ಎಂದಿತು. ಯಾರ ತಪ್ಪೂ ಅಲ್ಲ, ನಂದೇ. ಆಗಸ್ಟ್ ಪೂರ್ತಿ ಆಫೀಸಿನ ಕೆಲಸ ಅಂತ ಒಂದು ಸಲವೂ ಹೋಗಿ ನೋಡಿರಲಿಲ್ಲ. ಎರಡು ಹೊಸ ಹಗ್ಗ ಕಟ್ಟಿ, ಗಾಳಿ ಹಿಡಿಯದಿರಲೆಂದು ಹಾಯಿಗಳನ್ನೆಲ್ಲ ಬಿಚ್ಚಿ ತಂದೆವು. ಲೀ ದೂರದಲ್ಲೇ ಹಾದು ನೋವಾ ಸ್ಕೋಷಿಯಾ ಕಡೆ ಹೋಯಿತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಾದ ಮೇಲೂ ನಾನು ಮೂರಿಂಗ್ ಪರವೇ. ಡಾಕು ನಮ್ಮ ಉದಾಸೀನವನ್ನು ಬಾಡಿಗೆ ತಗೊಂಡು ಸಹಿಸಿಕೊಳ್ಳುತ್ತೆ. ಮೂರಿಂಗ್ ಸಹಿಸೋದಿಲ್ಲ. ವಾರಕ್ಕೊಮ್ಮೆ ಹೋಗಿ ಹಗ್ಗ ಮುಟ್ಟಿ ನೋಡಲು ಆಗುವವರಿಗೆ ಮೂರಿಂಗ್, ಆಗದವರಿಗೆ ಡಾಕು. ದೋಣಿಯ ಅಳತೆಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಅಮ್ಮನಿಗೂ ಈಗ ಉತ್ತರ ಸಿಕ್ಕಿದೆ. ಬಿಚ್ಕೊಂಡು ಹೋಗೋರ ಭಯ ಇಲ್ಲಮ್ಮ, ನಾನು ನೋಡದೇ ಇರೋ ವಾರದಲ್ಲಿ ಸವೆಯೋ ಹಗ್ಗದ್ದೇ ಭಯ.